ಗಾಳಿ ಖಾಲಿಯಾದ ಲಾರಿ ಉರುಳುವುದಿಲ್ಲ ಏಕೆ?

ಬಸ್ಸು ನಿಲ್ದಾಣಕ್ಕೆ ಬಂದು ನಿಲ್ಲುತ್ತದೆ. ಚಾಲಕ ಪಾರ್ಕಿಂಗ್ ಬ್ರೇಕಿನ ಹಿಡಿ ಎಳೆದ ಕೂಡಲೇ ‘ಭುಸ್ಸ್’ ಎಂದು ಗಾಳಿ ಹೊರಬೀಳುತ್ತದೆ. ಆ ಸದ್ದು ಕೇಳದವರು ಯಾರೂ ಇಲ್ಲ. ಅದು ಏರ್ ಬ್ರೇಕಿನ ಸದ್ದು ಎಂಬುದೂ ಗೊತ್ತು. ಲಾರಿಗಳ ಹಿಂಬದಿಯಲ್ಲಿ ‘ಏರ್ ಬ್ರೇಕ್’ ಎಂದು ಬರೆದಿರುವುದನ್ನು ಓದಿಯೇ ಇರುತ್ತೇವೆ. ಗಾಳಿ ಬ್ರೇಕನ್ನು ಒತ್ತುತ್ತದೆ, ಗಾಡಿ ನಿಲ್ಲುತ್ತದೆ ಎಂದುಕೊಂಡು ಸುಮ್ಮನಾಗುತ್ತೇವೆ. ಆದರೆ ಗಾಳಿ ಒತ್ತುವುದರಿಂದಲೇ ಗಾಡಿ ನಿಲ್ಲುವುದಾದರೆ, ನಿಲ್ಲಿಸಿದ ಗಾಡಿಯಿಂದ ಗಾಳಿಯನ್ನು ಹೊರಕ್ಕೆ ಬಿಡುವುದೇಕೆ? ಬಿಟ್ಟ ಮೇಲೆ ಬ್ರೇಕು ಸಡಿಲವಾಗಬೇಕಲ್ಲವೆ? ಡಿಪೋಗಳಲ್ಲಿ ಬೆಳಗಿನ ಹೊತ್ತು ಎಂಜಿನ್ ಚಾಲೂ ಮಾಡಿ, ಏರ್ ಏರಲಿ ಎಂದು ಚಾಲಕರು ಕಾಯುತ್ತಾರೆ. ಗಾಡಿ ಹೊರಡಿಸುವುದಕ್ಕೇ ಗಾಳಿ ಬೇಕೆಂದರೆ ಏನರ್ಥ?

ಹಳೆಯ ಭಾರೀ ಲಾರಿಯೊಂದನ್ನು ಬಿಚ್ಚಿ ಮತ್ತೆ ಕಟ್ಟುವವರಿಗೆ ಈ ಪ್ರಶ್ನೆ ಮೊದಲ ದಿನವೇ ಎದುರಾಗುತ್ತದೆ. ಅಮೆರಿಕದಲ್ಲಿ ಇಂಥವರ ದೊಡ್ಡ ಬಳಗವೇ ಇದೆ. 1971ರಲ್ಲಿ ಸ್ಥಾಪನೆಯಾದ ಅಮೆರಿಕನ್ ಟ್ರಕ್ ಹಿಸ್ಟಾರಿಕಲ್ ಸೊಸೈಟಿ ಹಳೆಯ ಲಾರಿಗಳ ಪ್ರದರ್ಶನಗಳನ್ನು ನಡೆಸುತ್ತದೆ; ಅಯೋವಾ ರಾಜ್ಯದ ವಾಲ್‌ಕಾಟ್ ಎಂಬ ಸಣ್ಣ ಊರಿನಲ್ಲಿ ಹಳೆಯ ಲಾರಿಗಳಿಗೆಂದೇ ವಸ್ತುಸಂಗ್ರಹಾಲಯವಿದೆ. ಈ ಬಳಗ ಆಸೆಪಡುವ ಗಾಡಿಗಳಲ್ಲಿ ಪೀಟರ್‌ಬಿಲ್ಟ್ 359 ಒಂದು. ವಾಷಿಂಗ್ಟನ್ ರಾಜ್ಯದ ಟಕೋಮಾದ ಮರದ ಉದ್ಯಮಿ ಟಿ. ಎ. ಪೀಟರ್‌ಮನ್, ದಿಮ್ಮಿ ಸಾಗಿಸಲು ಗಟ್ಟಿ ಲಾರಿ ಬೇಕೆಂದು 1939ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನ ಕಾರ್ಖಾನೆಯೊಂದನ್ನು ಕೊಂಡದ್ದರಿಂದ ಶುರುವಾದ ಕಂಪನಿ ಅದು. ಉದ್ದ ಮೂತಿಯ, ಅಲ್ಯುಮಿನಿಯಂ ಕ್ಯಾಬಿನ 359 ಮಾದರಿ 1967ರಿಂದ 1987ರವರೆಗೆ ತಯಾರಾಯಿತು.

1972ರ ಅಂಥ ಲಾರಿಯೊಂದು ಹೊಲದಂಚಿನಲ್ಲಿ ಇಪ್ಪತ್ತು ವರ್ಷ ನಿಂತಿದೆ ಎಂದುಕೊಳ್ಳೋಣ. ಹೊಸ ಬ್ಯಾಟರಿ ಹಾಕಿ, ಕೊಳೆತ ಡೀಸೆಲ್ ಚೆಲ್ಲಿ, ಫಿಲ್ಟರ್ ಬದಲಿಸಿದರೆ ಹಳೆಯ ಎಂಜಿನ್ ಚಾಲೂ ಆಗುವುದು ಅಪರೂಪವೇನಲ್ಲ. ಆದರೆ ಗೇರ್ ಹಾಕಿ ಕ್ಲಚ್ ಬಿಟ್ಟರೆ ಗಾಡಿ ಮುಲುಗುತ್ತದೆಯೇ ಹೊರತು ಅಂಗುಲವೂ ಕದಲದು. ಮುಂದಿನ ಚಕ್ರಗಳನ್ನು ಜಾಕ್ ಕೊಟ್ಟು ಎತ್ತಿ ತಿರುಗಿಸಿದರೆ ಹಗುರಾಗಿ ತಿರುಗುತ್ತವೆ. ಹಿಂದಿನವು ಮಾತ್ರ ಬಿಗಿದುಕೊಂಡಿವೆ. ಗಾಳಿಯ ಟ್ಯಾಂಕುಗಳು ಖಾಲಿಯಾಗಿ ಇಪ್ಪತ್ತು ವರ್ಷವಾಗಿದೆ. ಅಷ್ಟೂ ಕಾಲ ಬ್ರೇಕು ಹಿಡಿದೇ ಇದೆ.

ಕಾಲಿನ ಬಲವಲ್ಲ, ಟ್ಯಾಂಕಿನ ಬಲ

ಮೊದಲು ಓಡುವ ಗಾಡಿಯನ್ನು ನಿಲ್ಲಿಸುವ ಬ್ರೇಕನ್ನು ನೋಡೋಣ. ಅಲ್ಲಿ ನಮ್ಮ ತಿಳಿವಳಿಕೆ ಸರಿಯಾಗಿಯೇ ಇದೆ: ಗಾಳಿ ಒತ್ತುತ್ತದೆ.

ಈ ಲಾರಿ ಹೊಸದಾಗಿದ್ದಾಗ ಟ್ರೇಲರ್ ಮತ್ತು ಸರಕು ಸೇರಿ 73,280 ಪೌಂಡ್, ಅಂದರೆ ಸುಮಾರು 33 ಟನ್ ತೂಗಬಹುದಿತ್ತು. 1974ರಲ್ಲಿ ಅಮೆರಿಕ ಆ ಮಿತಿಯನ್ನು 80,000 ಪೌಂಡಿಗೆ, 36 ಟನ್ನಿಗೂ ತುಸು ಹೆಚ್ಚಿಗೆ, ಏರಿಸಿತು. ಇಷ್ಟು ಭಾರವನ್ನು ಮನುಷ್ಯನ ಕಾಲಿನ ಬಲ ನಿಲ್ಲಿಸಲಾರದು. ಆದ್ದರಿಂದ ಬಲವನ್ನು ಮೊದಲೇ ಕೂಡಿಡುತ್ತಾರೆ. ಎಂಜಿನ್ ತನ್ನ ಪಕ್ಕದ ಪುಟ್ಟ ಕಂಪ್ರೆಸರ್ ಒಂದನ್ನು ತಿರುಗಿಸುತ್ತಿರುತ್ತದೆ. ಅದು ಉಕ್ಕಿನ ಟ್ಯಾಂಕುಗಳಿಗೆ ಗಾಳಿ ತುಂಬುತ್ತದೆ. ಒತ್ತಡ 120 ಪಿಎಸ್‌ಐ ಆಸುಪಾಸಿಗೆ ಬಂದಾಗ ತುಂಬುವುದು ನಿಲ್ಲುತ್ತದೆ, 100ರ ಆಸುಪಾಸಿಗೆ ಇಳಿದಾಗ ಮತ್ತೆ ಶುರುವಾಗುತ್ತದೆ. ಕಾರಿನ ಟೈರಿಗೆ 32 ಹಾಕಿ ಎನ್ನುತ್ತೇವಲ್ಲ, ಅದೂ ಇದೇ ಅಳತೆ: ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಒತ್ತು ಬೀಳುತ್ತದೆ ಎಂಬ ಲೆಕ್ಕ.

ಚಾಲಕ ತುಳಿಯುವ ಪೆಡಲು ಇಲ್ಲಿ ಒಂದು ನಲ್ಲಿ ಮಾತ್ರ. ಎಷ್ಟು ತುಳಿದರೆ ಅಷ್ಟು ಗಾಳಿ ಟ್ಯಾಂಕಿನಿಂದ ಹೊರಟು, ಪ್ರತಿ ಚಕ್ರದ ಬಳಿ ಇರುವ ದುಂಡನೆಯ ಲೋಹದ ಡಬ್ಬಿಗೆ ನುಗ್ಗುತ್ತದೆ. ಬ್ರೇಕ್ ಚೇಂಬರ್ ಎಂಬ ಈ ಡಬ್ಬಿಯೊಳಗೆ ರಬ್ಬರಿನ ಪೊರೆ, ಪೊರೆಗೆ ತಾಗಿಕೊಂಡ ಒಂದು ತಳ್ಳುಗೋಲು. ಸಾಮಾನ್ಯ ಅಳತೆಯ ಚೇಂಬರಿನಲ್ಲಿ ಪೊರೆಯ ಹರಹು 30 ಚದರ ಇಂಚು. 100 ಪಿಎಸ್‌ಐ ಗಾಳಿ ಬಂದರೆ ಕೋಲಿನ ಮೇಲೆ ಬೀಳುವ ಬಲ 3,000 ಪೌಂಡ್, ಹೆಚ್ಚುಕಡಿಮೆ 1,360 ಕಿಲೋ ತೂಕದಷ್ಟು. ಕೋಲು ಒಂದು ತೋಳನ್ನು ತಳ್ಳುತ್ತದೆ. ತೋಳು ಒಂದು ದಂಡವನ್ನು ತಿರುಗಿಸುತ್ತದೆ. ದಂಡದ ತುದಿಯಲ್ಲಿ ಇಂಗ್ಲಿಷಿನ ಎಸ್ ಅಕ್ಷರದಾಕಾರದ ತಿರುಳೆಯೊಂದು ತಿರುಗಿ ಎರಡು ಬ್ರೇಕ್ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಪೆಡಲು ಬಿಟ್ಟರೆ ಡಬ್ಬಿಯ ಗಾಳಿ ಹೊರಕ್ಕೆ ಹೋಗುತ್ತದೆ, ಶೂಗಳು ಹಿಂದೆ ಸರಿಯುತ್ತವೆ. ಈ ಗಾಳಿಯನ್ನು ಒತ್ತುಗಾಳಿ ಎಂದು ಕರೆಯೋಣ.

ಕಾರಿನಲ್ಲಿ ಈ ಕೆಲಸವನ್ನು ಎಣ್ಣೆ ಮಾಡುತ್ತದೆ. ಲಾರಿಗೆ ಎಣ್ಣೆ ಒಗ್ಗುವುದಿಲ್ಲ. ಟ್ರೇಲರನ್ನು ದಿನಕ್ಕೆ ಹಲವು ಸಲ ಕಳಚಿ ಬೇರೊಂದನ್ನು ಕಟ್ಟುವಾಗ ಪ್ರತಿ ಸಲವೂ ಎಣ್ಣೆ ಸೋರುತ್ತದೆ, ಕೊಳವೆಗೆ ಗಾಳಿ ನುಗ್ಗಿ ಬ್ರೇಕು ಮೆತ್ತಗಾಗುತ್ತದೆ. ಗಾಳಿ ತುಸು ಸೋರಿದರೂ ಕಂಪ್ರೆಸರ್ ಮತ್ತೆ ತುಂಬಿಕೊಡುತ್ತದೆ, ಅದಕ್ಕೆ ಖರ್ಚೂ ಇಲ್ಲ. ಒಂದು ಕೊರತೆ ಇದೆ: ಗಾಳಿ ಕೊಳವೆಯುದ್ದಕ್ಕೂ ಹರಿದು ಒತ್ತಡ ಏರಲು ಅರ್ಧ ಸೆಕೆಂಡಿನಷ್ಟು ಹೊತ್ತು ಬೇಕು. ಗಂಟೆಗೆ 88 ಕಿಲೋಮೀಟರ್ ವೇಗದ ಲಾರಿ ಅಷ್ಟರಲ್ಲಿ 10 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಲಾರಿಯ ಮುಂದಕ್ಕೆ ಸರಕ್ಕನೆ ತೂರಿಕೊಳ್ಳುವ ಕಾರಿನವರು ನೆನಪಿಡಬೇಕಾದ ಅಂತರ ಇದು.

ದೊಡ್ಡ ಅಪಾಯ ಬೇರೆ ಇದೆ. ಕೊಳವೆ ಒಡೆದು ಗಾಳಿಯೆಲ್ಲ ಹೋದರೆ ಒತ್ತುಗಾಳಿಯ ಬ್ರೇಕು ಪೂರ್ತಿ ಸತ್ತುಹೋಗುತ್ತದೆ. ಈ ಅಪಾಯವನ್ನು ಮೊದಲು ಎದುರಿಸಿದ್ದು ಲಾರಿಯಲ್ಲ, ರೈಲು.

ವೆಸ್ಟಿಂಗ್‌ಹೌಸ್ ಮಾಡಿದ ತಿರುವು

ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೈಲಿನ ಗಾಳಿ ಬ್ರೇಕಿಗೆ ಪೇಟೆಂಟ್ ಪಡೆದಾಗ ಅವನಿಗೆ 22 ವರ್ಷ. ಅದಕ್ಕೂ ಮೊದಲು ಅಮೆರಿಕದ ರೈಲುಗಳಲ್ಲಿ ಬ್ರೇಕ್ ಆಳುಗಳು ಓಡುತ್ತಿರುವ ಬೋಗಿಯಿಂದ ಬೋಗಿಗೆ ಹೋಗಿ ಕೈಚಕ್ರ ತಿರುಗಿಸಬೇಕಿತ್ತು. ಸರಕಿನ ಗಾಡಿಯಾದರೆ ಬೋಗಿಗಳ ನೆತ್ತಿಯ ಮೇಲೆಯೇ ಓಡಾಟ. ಎಷ್ಟೋ ಜನ ಬಿದ್ದು ಸತ್ತರು. ವೆಸ್ಟಿಂಗ್‌ಹೌಸನ ಮೊದಲ ಏರ್ಪಾಡು ಸರಳವಾಗಿತ್ತು: ಎಂಜಿನ್ನಿನಿಂದ ಗಾಳಿ ಬಿಟ್ಟರೆ ಕೊಳವೆಯಲ್ಲಿ ಹರಿದು ಎಲ್ಲ ಬೋಗಿಗಳ ಬ್ರೇಕನ್ನೂ ಒತ್ತುತ್ತಿತ್ತು. ಆದರೆ ರೈಲು ಏರಿನಲ್ಲಿ ಎರಡು ತುಂಡಾದರೆ ಹಿಂದಿನ ತುಂಡಿಗೆ ಗಾಳಿಯೇ ಇರುವುದಿಲ್ಲ. ಬ್ರೇಕು ಅತಿ ಹೆಚ್ಚು ಬೇಕಾದ ಗಳಿಗೆಯಲ್ಲೇ ಅದು ಕೈಕೊಡುತ್ತಿತ್ತು.

1872ರ ಹೊತ್ತಿಗೆ ಅವನು ಇಡೀ ಯೋಚನೆಯನ್ನೇ ಬುಡಮೇಲು ಮಾಡಿದ. ಪ್ರತಿ ಬೋಗಿಗೂ ಅದರದೇ ಗಾಳಿ ಟ್ಯಾಂಕು ಕೊಟ್ಟ. ರೈಲಿನುದ್ದಕ್ಕೂ ಹಾಯುವ ಕೊಳವೆಯಲ್ಲಿ ಸದಾ ಒತ್ತಡವಿರುವಂತೆ ಮಾಡಿದ. ಆ ಒತ್ತಡ ಇಳಿದರೆ, ಬೋಗಿಯಲ್ಲಿರುವ ಒಂದು ಜಾಣ ವಾಲ್ವು ಅದನ್ನು ಗುರುತಿಸಿ ಬೋಗಿಯದೇ ಟ್ಯಾಂಕಿನ ಗಾಳಿಯನ್ನು ಬ್ರೇಕಿಗೆ ಹಾಯಿಸುತ್ತದೆ. ಚಾಲಕ ಬೇಕೆಂದೇ ಒತ್ತಡ ಇಳಿಸಿದರೂ ಸರಿ, ಕೊಳವೆ ಕಿತ್ತುಹೋದರೂ ಸರಿ, ಫಲ ಒಂದೇ: ರೈಲು ನಿಲ್ಲುತ್ತದೆ. 1893ರಲ್ಲಿ ಅಮೆರಿಕದ ಸಂಸತ್ತು ರೈಲುಗಳಿಗೆ ಇಂಥ ಬ್ರೇಕನ್ನು ಕಾನೂನಿನ ಮೂಲಕ ಕಡ್ಡಾಯ ಮಾಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಷ್ಟು ಜೀವಗಳನ್ನು ಉಳಿಸಿದ ಯಂತ್ರಗಳು ಹೆಚ್ಚಿರಲಾರವು ಎಂದು ನನ್ನ ನಂಬಿಕೆ.

ಆದರೂ ಇದರಲ್ಲಿ ಒಂದು ಬಿರುಕು ಉಳಿಯಿತು. ಕೊನೆಗೆ ಬ್ರೇಕನ್ನು ಒತ್ತುತ್ತಿದ್ದುದು ಗಾಳಿಯೇ. ರೈಲನ್ನು ಗಂಟೆಗಟ್ಟಲೆ ನಿಲ್ಲಿಸಿ, ಕಂಪ್ರೆಸರ್ ನಿಂತುಹೋದರೆ ಆ ಗಾಳಿ ಮೆಲ್ಲನೆ ಸೋರಿಹೋಗಬಹುದು. 2013ರ ಜುಲೈ 6ರ ನಸುಕಿನಲ್ಲಿ ಕೆನಡಾದ ಲಾಕ್-ಮೆಗಾಂಟಿಕ್ ಪಟ್ಟಣದಲ್ಲಿ ನಡೆದದ್ದು ಇದಕ್ಕೆ ಬಹಳ ಹತ್ತಿರದ್ದು. 72 ಟ್ಯಾಂಕರುಗಳಲ್ಲಿ ಕಚ್ಚಾ ತೈಲ ಹೊತ್ತ ರೈಲು ಪಟ್ಟಣದ ಮೇಲಿನ ಇಳಿಜಾರಿನಲ್ಲಿ ರಾತ್ರಿ ತಂಗಿತ್ತು. ಚಾಲೂ ಇದ್ದ ಎಂಜಿನ್ನಿಗೆ ಬೆಂಕಿ ತಗುಲಿದ್ದರಿಂದ ಅದನ್ನು ಆರಿಸಿದರು. ಕಂಪ್ರೆಸರ್ ನಿಂತಿತು, ಎಂಜಿನ್ನುಗಳ ಬ್ರೇಕನ್ನು ಹಿಡಿದಿದ್ದ ಗಾಳಿ ಸೋರುತ್ತಾ ಬಂತು. ಹಾಕಿದ್ದ ಕೈಬ್ರೇಕುಗಳಷ್ಟರಿಂದಲೇ ಆ ಭಾರ ನಿಲ್ಲಲಿಲ್ಲ. ರೈಲು ಉರುಳಿಕೊಂಡು ಪಟ್ಟಣಕ್ಕೆ ನುಗ್ಗಿತು, 47 ಜನ ಸತ್ತರು.

ನಿಲ್ಲಿಸಿದ ಗಾಡಿಯನ್ನು ಗಾಳಿಯ ನಂಬಿಕೆಯ ಮೇಲೆ ಬಿಡಬಾರದು. ಹಾಗಾದರೆ ಇನ್ನಾವುದರ ಮೇಲೆ ಬಿಡುವುದು?

ಸ್ಪ್ರಿಂಗಿನ ಹಿಡಿತ, ಗಾಳಿಯ ತಡೆ

ಲಾರಿಯವರು ಕಂಡುಕೊಂಡ ಉತ್ತರ ಉಕ್ಕಿನ ಸ್ಪ್ರಿಂಗು. ನಮ್ಮ 359ರ ಹಿಂದಿನ ಅಚ್ಚುಗಳ ಬಳಿ ಬಗ್ಗಿ ನೋಡಿದರೆ, ಅಲ್ಲಿನ ಬ್ರೇಕ್ ಚೇಂಬರಿನ ಬೆನ್ನಿಗೆ ಇನ್ನೊಂದು ಡಬ್ಬಿ ಕೂತಿರುವುದು ಕಾಣುತ್ತದೆ. ಅದರೊಳಗೆ ಹೆಬ್ಬೆರಳು ಗಾತ್ರದ ತಂತಿಯಲ್ಲಿ ಸುತ್ತಿದ ದಪ್ಪ ಸ್ಪ್ರಿಂಗು. ಅದು ತಳ್ಳುವ ಬಲ ಒಂದು ಟನ್ನಿಗೆ ಹತ್ತಿರ. ಯಾರೂ ಏನೂ ಮಾಡದಿದ್ದರೆ ಈ ಸ್ಪ್ರಿಂಗು ಅದೇ ತಳ್ಳುಗೋಲನ್ನು ಮುಂದಕ್ಕೆ ದೂಡಿ, ಅದೇ ಶೂಗಳನ್ನು ಡ್ರಮ್ಮಿಗೆ ಒತ್ತಿ ಹಿಡಿದಿರುತ್ತದೆ.

ತಂತಿಯ ಮೇಲೆ ಬಟ್ಟೆ ಒಣಹಾಕಿ ಸಿಕ್ಕಿಸುವ ಕ್ಲಿಪ್ಪನ್ನು ಕೈಗೆ ತೆಗೆದುಕೊಳ್ಳಿ. ಬಾಯಿ ತೆರೆಯಬೇಕಾದರೆ ನಾವು ಹಿಂದಿನ ಕಿವಿಗಳನ್ನು ಒತ್ತಬೇಕು. ಒತ್ತುತ್ತಿರುವಷ್ಟು ಹೊತ್ತು ಅದು ತೆರೆದಿರುತ್ತದೆ. ಬೆರಳು ಸಡಿಲಿಸಿದರೆ ಸ್ಪ್ರಿಂಗು ಕಚ್ಚಿಕೊಳ್ಳುತ್ತದೆ. ಬಟ್ಟೆಯನ್ನು ರಾತ್ರಿಯಿಡೀ ಹಿಡಿದಿರಲು ನಮ್ಮ ಬಲ ಬೇಕಿಲ್ಲ. ಲಾರಿಯ ಹಿಂದಿನ ಡಬ್ಬಿಯಲ್ಲಿ ನಮ್ಮ ಬೆರಳಿನ ಜಾಗದಲ್ಲಿರುವುದು ಗಾಳಿ. ಗಾಳಿ ಬಂದು ಸ್ಪ್ರಿಂಗನ್ನು ಹಿಂದಕ್ಕೆ ಅದುಮಿದಾಗ ಬ್ರೇಕು ಬಿಡುತ್ತದೆ. ಗಾಳಿ ಹೋದಾಗ ಕಚ್ಚುತ್ತದೆ.

ಇದು ಒತ್ತುಗಾಳಿಯಲ್ಲ, ಸ್ಪ್ರಿಂಗನ್ನು ತಡೆದು ನಿಲ್ಲಿಸುವ ತಡೆಗಾಳಿ. ಒಂದೇ ಲಾರಿಯಲ್ಲಿ, ಒಂದೇ ಟ್ಯಾಂಕಿನಿಂದ ಹೊರಟ ಗಾಳಿ ಎರಡು ಎದುರುಬದುರು ಕೆಲಸ ಮಾಡುತ್ತದೆ. ಮುಂದಿನ ಡಬ್ಬಿಗೆ ಹೋದರೆ ಬ್ರೇಕು ಹಾಕುತ್ತದೆ, ಹಿಂದಿನದಕ್ಕೆ ಹೋದರೆ ಬ್ರೇಕು ತೆಗೆಯುತ್ತದೆ. ಚಾಲಕ ಪಾರ್ಕಿಂಗ್ ಗುಂಡಿಯನ್ನು ಎಳೆದಾಗ ಕೇಳುವ ‘ಭುಸ್ಸ್’, ತಡೆಗಾಳಿ ಹೊರಟುಹೋಗಿ ಸ್ಪ್ರಿಂಗು ಬಿಡುಗಡೆಯಾಗುವ ಸದ್ದು. ಬೆಳಗಿನ ಹೊತ್ತು ಚಾಲಕ ಕಾಯುವುದು ಸ್ಪ್ರಿಂಗನ್ನು ಮತ್ತೆ ಅದುಮುವಷ್ಟು ಒತ್ತಡ ಏರಲೆಂದು. ಸಾಮಾನ್ಯವಾಗಿ 60 ಪಿಎಸ್‌ಐ ಆಸುಪಾಸಿನಲ್ಲಿ ಸ್ಪ್ರಿಂಗು ಪೂರ್ತಿ ಹಿಂದೆ ಸರಿದಿರುತ್ತದೆ.

ಓಡುತ್ತಿರುವಾಗ ಕೊಳವೆ ಒಡೆದರೆ? ಒತ್ತಡ 60ಕ್ಕೆ ಇಳಿಯುವ ಮೊದಲೇ ಎಚ್ಚರಿಕೆಯ ಗಂಟೆಯೋ ದೀಪವೋ ಚಾಲಕನನ್ನು ಎಬ್ಬಿಸಬೇಕು. ಅವನು ಗಮನಿಸದೆ ಹೋದರೂ 45ರಿಂದ 20 ಪಿಎಸ್‌ಐ ನಡುವೆ ಎಲ್ಲೋ ಒಂದು ಕಡೆ ಗುಂಡಿ ತಾನಾಗಿ ಹೊರಚಿಮ್ಮಿ ಸ್ಪ್ರಿಂಗುಗಳು ಬ್ರೇಕು ಹಿಡಿಯುತ್ತವೆ. ಯಾವ ಕೆಡುಕು ಗಾಳಿಯನ್ನು ಕಳೆಯುತ್ತದೋ ಅದೇ ಕೆಡುಕು ಗಾಡಿಯನ್ನು ನಿಲ್ಲಿಸುತ್ತದೆ. ಹೊಲದಂಚಿನ ಲಾರಿ ಇಪ್ಪತ್ತು ವರ್ಷ ಕದಲದೆ ನಿಂತದ್ದು ಹೀಗೆ.

1950ರ ದಶಕದ ಹಲವು ಲಾರಿಗಳಲ್ಲಿ ಈ ಸೌಲಭ್ಯ ಇರಲಿಲ್ಲ. ಗೇರ್‌ಬಾಕ್ಸಿನ ಹಿಂದೆ ಒಂದು ಡ್ರಮ್ಮು, ಅದನ್ನು ಹಿಡಿಯಲು ಒಂದು ಕೈಹಿಡಿ, ಅಷ್ಟೇ. ಅಂಥ ಗಾಡಿಯನ್ನು ಮತ್ತೆ ರಸ್ತೆಗೆ ತರುವವರು ಸ್ಪ್ರಿಂಗ್ ಚೇಂಬರುಗಳನ್ನು ಹೊಸದಾಗಿ ಕೂರಿಸಿಕೊಳ್ಳುವುದುಂಟು.

ಬಿಚ್ಚಬಾರದ ಡಬ್ಬಿ

ಗಾಳಿಯಿಲ್ಲದೆ ಹಿಡಿದಿರುವ ಬ್ರೇಕನ್ನು ಬಿಡಿಸುವುದು ಹೇಗೆ? ಹಿಂದಿನ ಡಬ್ಬಿಯ ಬೆನ್ನಿನಲ್ಲಿ ಒಂದು ಸಣ್ಣ ಮುಚ್ಚಳವಿರುತ್ತದೆ. ಅದನ್ನು ತೆಗೆದು ಉದ್ದನೆಯ ಬೋಲ್ಟು ತೂರಿಸಿ, ಒಳಗಿನ ತಟ್ಟೆಗೆ ಸಿಕ್ಕಿಸಿ, ನಟ್ಟು ತಿರುಗಿಸುತ್ತಾ ಹೋದರೆ ಸ್ಪ್ರಿಂಗು ಸ್ವಲ್ಪಸ್ವಲ್ಪವೇ ಹಿಂದಕ್ಕೆ ಎಳೆದುಕೊಂಡು ಬರುತ್ತದೆ. ಸ್ಪ್ರಿಂಗಿಗೆ ಪಂಜರ ಹಾಕುವುದು ಎನ್ನುತ್ತಾರೆ ಅಲ್ಲಿನವರು. ಹಾಗೆ ಮಾಡುವ ಮೊದಲು ಚಕ್ರಗಳಿಗೆ ಗಟ್ಟಿಯಾದ ಅಡ್ಡೆ ಕೊಡದಿದ್ದರೆ, ಬ್ರೇಕು ಬಿಟ್ಟ ಲಾರಿ ಅಡಿಯಲ್ಲಿ ಮಲಗಿರುವವನ ಮೇಲೆಯೇ ಉರುಳಬಹುದು.

ಇದಕ್ಕಿಂತ ದೊಡ್ಡ ಅಪಾಯ ಡಬ್ಬಿಯನ್ನು ಬಿಚ್ಚುವುದರಲ್ಲಿದೆ. ಎರಡು ಅರ್ಧಗಳನ್ನು ಹಿಡಿದಿರುವ ಉಕ್ಕಿನ ಪಟ್ಟಿಯನ್ನು, ಒಳಗೇನಿದೆ ನೋಡೋಣ ಎಂದು ಯಾರೋ ಕಳಚುತ್ತಾರೆ. ತುಕ್ಕು ತಿಂದ ಡಬ್ಬಿಯಲ್ಲಿ ಟನ್ನಿನಷ್ಟು ಬಲ ಅದುಮಿಕೊಂಡು ಕೂತಿದೆ. ಅದು ಒಮ್ಮೆಲೇ ಬಿಡುಗಡೆಯಾದರೆ ಮುಚ್ಚಳ ಎದುರಿಗಿರುವವನ ಎದೆಯನ್ನೋ ತಲೆಯನ್ನೋ ಹೊಡೆಯುತ್ತದೆ. ಹೀಗೆ ಮೆಕ್ಯಾನಿಕ್ಕುಗಳು ಸತ್ತಿದ್ದಾರೆ. ಆ ಕಾರಣಕ್ಕೇ ಹೊಸ ಚೇಂಬರುಗಳ ಪಟ್ಟಿಯನ್ನು ಬಿಚ್ಚಲಾಗದಂತೆ ಮಡಿಚಿ ಮುಚ್ಚಿಬಿಡುತ್ತಾರೆ. ಹಳೆಯ ಲಾರಿಯ ಸ್ಪ್ರಿಂಗ್ ಡಬ್ಬಿಯನ್ನು ದುರಸ್ತಿ ಮಾಡಲು ಹೋಗಬಾರದು. ಪಂಜರದ ಬೋಲ್ಟು ಹಾಕಿ, ಇಡಿಯಾಗಿ ಕಳಚಿ, ಹೊಸದು ಹಾಕಬೇಕು. ಇಡೀ ಲಾರಿಯ ಖರ್ಚಿನಲ್ಲಿ ಅದು ಲೆಕ್ಕಕ್ಕೇ ಬರದ ಮೊತ್ತ.

ಸ್ಪ್ರಿಂಗು ಹಿಂದೆ ಬಂದರೂ ಚಕ್ರ ತಿರುಗದೆ ಇರಬಹುದು. ಶೂ ಮತ್ತು ಡ್ರಮ್ಮು ವರ್ಷಗಟ್ಟಲೆ ಒಂದಕ್ಕೊಂದು ಒತ್ತಿಕೊಂಡಿದ್ದು ತುಕ್ಕಿನಿಂದ ಅಂಟಿರುತ್ತವೆ. ತುಕ್ಕು ಉಕ್ಕಿಗಿಂತ ಹೆಚ್ಚು ಜಾಗ ಬೇಡುವ ವಸ್ತು. ಶೂವಿನ ಉಕ್ಕಿಗೂ ಮೇಲಿನ ಲೈನರಿಗೂ ನಡುವೆ ಬೆಳೆದು ಲೈನರನ್ನೇ ಎತ್ತಿ ಸೀಳಿಬಿಡುತ್ತದೆ. ಆ ಕಾಲದ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಡ್ರಮ್ಮು ತೆಗೆದಾಗ ಕಾಣುವ ಧೂಳನ್ನು ಗಾಳಿ ಹೊಡೆದು ಹಾರಿಸುವುದು ಗ್ಯಾರೇಜುಗಳ ಹಳೆಯ ಅಭ್ಯಾಸ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ದಶಕಗಳ ನಂತರ ಕ್ಯಾನ್ಸರಾಗಿ ಎದುರಾಗಬಹುದು. ಒದ್ದೆ ಮಾಡಿ, ಮುಖಗವಸು ಹಾಕಿ, ಒರೆಸಿ ತೆಗೆಯಬೇಕು.

ಸೋಪುನೀರಿನ ಶೋಧ

ಬಣ್ಣಕ್ಕೆ, ಕ್ರೋಮಿಗೆ, ಸೀಟಿನ ಚರ್ಮಕ್ಕೆ ದುಡ್ಡು ಸುರಿದು, ಗಾಳಿಯ ಕೊಳವೆಗಳನ್ನು ಹಾಗೆಯೇ ಬಿಡುವವರಿದ್ದಾರೆ. ಇದು ಸರಿಯಲ್ಲ. ಹಳೆಯ ರಬ್ಬರ್ ಕೊಳವೆ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಪದರ ಬಿಟ್ಟುಕೊಂಡು ದಾರಿಗೆ ಅಡ್ಡವಾಗಿರಬಹುದು. ಟ್ಯಾಂಕುಗಳ ತಳದಲ್ಲಿ ನೀರು, ಕಂಪ್ರೆಸರಿನಿಂದ ಬಂದ ಎಂಜಿನ್ ಎಣ್ಣೆ, ತುಕ್ಕು ಸೇರಿ ಕೆಸರಾಗಿರುತ್ತದೆ. ಗಾಳಿಯನ್ನು ಅದುಮಿ ಆಮೇಲೆ ಆರಲು ಬಿಟ್ಟರೆ ಅದರಲ್ಲಿನ ತೇವ ನೀರಾಗಿ ಇಳಿಯಲೇಬೇಕು. ಆದ್ದರಿಂದಲೇ ಪ್ರತಿ ಟ್ಯಾಂಕಿಗೂ ಅಡಿಯಲ್ಲೊಂದು ನಲ್ಲಿ, ದಿನವೂ ಅದನ್ನು ತೆರೆದು ನೀರು ಬಿಡಬೇಕೆಂಬ ಕಟ್ಟಳೆ. ಅಮೆರಿಕದ ಚಳಿ ಸೀಮೆಯಲ್ಲಿ ಈ ನೀರು ಹೆಪ್ಪುಗಟ್ಟಿ ವಾಲ್ವುಗಳನ್ನೇ ಕಟ್ಟಿಹಾಕುತ್ತದೆ.

ಎಲ್ಲವನ್ನೂ ಜೋಡಿಸಿದ ಮೇಲೆ ಗಾಳಿ ತುಂಬಿ, ಎಂಜಿನ್ ಆರಿಸಿ, ಕಿವಿಗೊಟ್ಟು ಕೇಳುತ್ತಾರೆ. ಸಣ್ಣ ಸೋರಿಕೆ ಕಿವಿಗೆ ಸಿಗುವುದಿಲ್ಲ. ಕುಂಚದಲ್ಲಿ ಸೋಪುನೀರು ಹಚ್ಚುತ್ತಾ ಹೋದರೆ ಗಾಳಿ ಬರುವಲ್ಲಿ ನೊರೆ ಉಬ್ಬುತ್ತದೆ. ಬ್ರೇಕುಗಳನ್ನು ಬಿಟ್ಟ ಸ್ಥಿತಿಯಲ್ಲಿ, ಟ್ರೇಲರ್ ಇಲ್ಲದ ಗಾಡಿ ನಿಮಿಷಕ್ಕೆ 2 ಪಿಎಸ್‌ಐಗಿಂತ ಹೆಚ್ಚು ಕಳೆದುಕೊಳ್ಳಬಾರದು; ಪೆಡಲು ತುಳಿದು ಹಿಡಿದಾಗ 3ಕ್ಕಿಂತ ಹೆಚ್ಚು ಕೂಡದು. ಸೋರಿಕೆಯೇ ಇರಬಾರದೆಂದು ಯಾರೂ ಹೇಳುವುದಿಲ್ಲ. ಕಂಪ್ರೆಸರ್ ತುಂಬಿಕೊಡುವುದಕ್ಕಿಂತ ಬಹಳ ಕಡಿಮೆ ಇರಬೇಕು, ಅಷ್ಟೇ.

ಇಲ್ಲೊಂದು ಮುಖ್ಯ ತೀರ್ಮಾನ ಬರುತ್ತದೆ. 1972ರ ಲಾರಿಯಲ್ಲಿ ಒತ್ತುಗಾಳಿಗೆ ಸಾಮಾನ್ಯವಾಗಿ ಒಂದೇ ದಾರಿ. ಅದರಲ್ಲಿ ದೊಡ್ಡ ತೂತಾದರೆ ಎಲ್ಲ ಚಕ್ರಗಳ ಕಾಲಬ್ರೇಕೂ ಒಟ್ಟಿಗೆ ಹೋಗುತ್ತದೆ. 1975ರಲ್ಲಿ ಜಾರಿಗೆ ಬಂದ ಅಮೆರಿಕದ 121ನೆಯ ವಾಹನ ಸುರಕ್ಷತಾ ಮಾನದಂಡ ದಾರಿಯನ್ನು ಎರಡು ಮಾಡಿಸಿತು. ಒಂದು ಹೋದರೂ ಇನ್ನೊಂದರಲ್ಲಿ ಅರ್ಧ ಬ್ರೇಕಾದರೂ ಉಳಿಯುತ್ತದೆ. ಹಳೆಯ ಗಾಡಿ ಕಾರ್ಖಾನೆಯಿಂದ ಬಂದ ಹಾಗೆಯೇ ಇರಬೇಕೆಂಬ ಹಟ ನನಗೆ ಅರ್ಥವಾಗುತ್ತದೆ. ಆದರೆ ಗಾಡಿ ರಸ್ತೆಗೆ ಇಳಿಯುವುದಾದರೆ ಎರಡು ದಾರಿಯ ವಾಲ್ವು, ಎರಡು ಟ್ಯಾಂಕು ಹಾಕಿಸಿಕೊಳ್ಳುವುದೇ ಸರಿ. ಹೊರಗಿನ ಅಂದಕ್ಕೆ ಅದರಿಂದ ಕೂದಲೆಳೆಯಷ್ಟೂ ಧಕ್ಕೆಯಿಲ್ಲ.

ಮುಂದಿನ ಚಕ್ರದ ಮಾತೂ ಹೀಗೆಯೇ. ಅಮೆರಿಕದ ಆ ಕಾಲದ ಎಷ್ಟೋ ಮೂರು ಅಚ್ಚಿನ ಲಾರಿಗಳ ಮುಂದಿನ ಚಕ್ರಗಳಿಗೆ ಬ್ರೇಕೇ ಇರಲಿಲ್ಲ. ಮುಂದೆ ಬ್ರೇಕು ಹಿಡಿದರೆ ಸ್ಟೇರಿಂಗು ಕೈತಪ್ಪುತ್ತದೆ ಎಂದು ಚಾಲಕರು ಗಟ್ಟಿಯಾಗಿ ನಂಬಿದ್ದರು. 1980ರ ಜುಲೈ 25ಕ್ಕೆ ಮೊದಲು ತಯಾರಾದ ಅಂಥ ಲಾರಿಗಳಿಗೆ ಅಲ್ಲಿನ ಕಾನೂನು ಇಂದಿಗೂ ವಿನಾಯಿತಿ ಕೊಡುತ್ತದೆ. ಬ್ರೇಕು ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ನೆಲವನ್ನು ಬಿಗಿಯಾಗಿ ಹಿಡಿಯುವ ಚಕ್ರಗಳನ್ನೇ ಖಾಲಿ ಬಿಡುವುದಕ್ಕೆ ಕಾನೂನು ಒಪ್ಪಿದರೂ ಭೌತಶಾಸ್ತ್ರ ಒಪ್ಪುವುದಿಲ್ಲ.

ಎರಡು ಇಂಚಿನ ಲೆಕ್ಕ

ಸ್ಪ್ರಿಂಗು ಇದೆ, ಆದ್ದರಿಂದ ಭಯವಿಲ್ಲ ಎನ್ನುವಂತಿಲ್ಲ. ಸ್ಪ್ರಿಂಗು ಚಾಚಿದಷ್ಟೂ ಸೋಲುತ್ತದೆ. ಪೂರ್ತಿ ಅದುಮಿದಾಗ ಅದರ ಬಲ ಗರಿಷ್ಠ; ತಳ್ಳುಗೋಲನ್ನು ಮುಂದೆ ಮುಂದೆ ದೂಡಿದಂತೆ ಬಲ ಇಳಿಯುತ್ತದೆ. ಚೇಂಬರಿನ ಕೋಲು ಒಟ್ಟು ಚಲಿಸಬಲ್ಲ ದೂರವೇ ಎರಡೂವರೆ ಇಂಚು. ಅಷ್ಟರೊಳಗೆ ಶೂ ಡ್ರಮ್ಮನ್ನು ಮುಟ್ಟದಿದ್ದರೆ ಒತ್ತುಗಾಳಿಯಾಗಲಿ ಸ್ಪ್ರಿಂಗಾಗಲಿ ಗೋಡೆಗೆ ಬಡಿದು ನಿಲ್ಲುತ್ತವೆ, ಚಕ್ರ ತಿರುಗುತ್ತಲೇ ಇರುತ್ತದೆ. ಸಾಮಾನ್ಯ 30 ಚದರ ಇಂಚಿನ ಚೇಂಬರಿಗೆ ಅಮೆರಿಕದ ತಪಾಸಣೆ ಒಪ್ಪುವ ಮಿತಿ 2 ಇಂಚು.

ಲೈನರು ಸವೆದಂತೆ ಕೋಲು ಹೆಚ್ಚು ದೂರ ಹೋಗಬೇಕಾಗುತ್ತದೆ. ಆ ಸಡಿಲವನ್ನು ಕಳೆಯಲು ತೋಳಿನ ಬುಡದಲ್ಲಿ ಒಂದು ತಿರುಪು ಇರುತ್ತದೆ. ತಿರುಪಿರುವ ಈ ತೋಳಿಗೇ ಸ್ಲಾಕ್ ಅಡ್ಜಸ್ಟರ್ ಎನ್ನುವುದು. 1994ರ ಅಕ್ಟೋಬರಿನ ನಂತರ ತಯಾರಾದ ಲಾರಿಗಳಲ್ಲಿ ಅದು ತಾನಾಗಿ ಬಿಗಿದುಕೊಳ್ಳಬೇಕು. ನಮ್ಮ 1972ರ ಗಾಡಿಯಲ್ಲಿ ಅದು ಕೈಕೆಲಸ: ಅಡಿಗೆ ನುಗ್ಗಿ, ಶೂ ಡ್ರಮ್ಮಿಗೆ ತಾಗುವವರೆಗೆ ಪಾನ ತಿರುಗಿಸಿ, ಮತ್ತೆ ಕಾಲು ಅಥವಾ ಅರ್ಧ ಸುತ್ತು ಸಡಿಲಿಸುವುದು, ಪ್ರತಿ ಚಕ್ರಕ್ಕೂ.

ಈ ಕೆಲಸವನ್ನು ಮುಂದೂಡುವವರು ಬಿಸಿಯ ಲೆಕ್ಕವನ್ನು ಮರೆಯುತ್ತಾರೆ. ಹದಿನಾರೂವರೆ ಇಂಚು ಅಗಲದ ಎರಕದ ಕಬ್ಬಿಣದ ಡ್ರಮ್ಮು ಇಳಿಜಾರಿನಲ್ಲಿ 300 ಡಿಗ್ರಿಯಷ್ಟು ಹೆಚ್ಚು ಕಾದರೆ ಅದರ ಅಗಲ ಒಂದೂವರೆ ಮಿಲಿಮೀಟರಿಗೆ ಹತ್ತಿರ ಬೆಳೆಯುತ್ತದೆ, ಅಂದರೆ ಪ್ರತಿ ಬದಿಯಲ್ಲೂ ಶೂವಿನಿಂದ ಮುಕ್ಕಾಲು ಮಿಲಿಮೀಟರಿನಷ್ಟು ದೂರ ಸರಿಯುತ್ತದೆ. ಇದು ಏನೂ ಅಲ್ಲ ಎನ್ನಿಸಬಹುದು. ಆದರೆ ತೋಳು ಮತ್ತು ತಿರುಳೆ ಸೇರಿ ಬಲವನ್ನು ಸುಮಾರು 12 ಪಟ್ಟು ಹೆಚ್ಚಿಸುವುದರಿಂದ, ಚಲನೆಯನ್ನೂ ಅಷ್ಟೇ ಪಟ್ಟು ಕೇಳುತ್ತವೆ. ಮುಕ್ಕಾಲು ಮಿಲಿಮೀಟರಿನ ದೂರ ಮುಚ್ಚಲು ತಳ್ಳುಗೋಲು 8 ಮಿಲಿಮೀಟರಿಗೂ ಹೆಚ್ಚು ಮುಂದೆ ಹೋಗಬೇಕು. ಅಂಗಳದಲ್ಲಿ ತಣ್ಣಗಿದ್ದಾಗ ಎರಡು ಇಂಚು ದಾಟಿದ್ದ ಕೋಲಿಗೆ ಇಳಿಜಾರಿನ ನಡುವೆ ದಾರಿಯೇ ಉಳಿದಿರುವುದಿಲ್ಲ. ಪೆಡಲು ಎಂದಿನಂತೆಯೇ ಇರುತ್ತದೆ, ಗಾಳಿಯ ಮುಳ್ಳು ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಬ್ರೇಕು ಮಾತ್ರ ಇಲ್ಲ. ತಡೆಗಾಳಿಯನ್ನು ಬಿಟ್ಟು ಸ್ಪ್ರಿಂಗನ್ನು ನಂಬಿಕೊಂಡರೂ, ಅದೂ ಅದೇ ಕೋಲನ್ನೇ ದೂಡಬೇಕು.

ಇಳಿಜಾರಿನ ಈ ಭಯವನ್ನು ಸ್ವತಃ ಉಂಡವರಲ್ಲಿ ಡೀಸೆಲ್ ಎಂಜಿನ್ ತಯಾರಕ ಕ್ಲೆಸ್ಸಿ ಕಮಿನ್ಸ್ ಒಬ್ಬರು. 1931ರಲ್ಲಿ ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆದಾರಿಯಲ್ಲಿ ಅವರ ಲಾರಿಯ ಬ್ರೇಕು ಕೈಕೊಟ್ಟು, ಕೆಳಗೆ ಹಳಿ ದಾಟುತ್ತಿದ್ದ ಗೂಡ್ಸ್ ರೈಲಿನಿಂದ ಸ್ವಲ್ಪದರಲ್ಲಿ ಪಾರಾದರು. ನಿವೃತ್ತರಾದ ಮೇಲೆ ಅವರು ಎಂಜಿನ್ನನ್ನೇ ಬ್ರೇಕಾಗಿ ಬಳಸುವ ಉಪಾಯವನ್ನು ರೂಪಿಸಿದರು. ಜೇಕಬ್ಸ್ ಕಂಪನಿ 1961ರಿಂದ ಅದನ್ನು ಮಾರಿತು. ಎಂಜಿನ್ನಿನೊಳಗೆ ಅದುಮಿದ ಗಾಳಿಯನ್ನು ಪಿಸ್ಟನ್ ಕೆಳಗಿಳಿಯುವ ಮೊದಲೇ ಹೊರಕ್ಕೆ ಬಿಟ್ಟು, ಅದುಮಲು ವ್ಯಯವಾದ ಶಕ್ತಿ ಮರಳಿ ಸಿಗದಂತೆ ಮಾಡುವುದು ಅದರ ಗುಟ್ಟು. ಹಳೆಯ 359ರಲ್ಲಿ ಅದು ಇದ್ದರೆ ದುರಸ್ತಿ ಮಾಡಿ ಉಳಿಸಿಕೊಳ್ಳಬೇಕು. ಡ್ರಮ್ಮುಗಳು ತಣ್ಣಗಿರುತ್ತವೆ.

ಅಂಗಳ ಬಿಡುವ ಮುನ್ನ

ಕೊನೆಯ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಸಮತಟ್ಟಾದ ನೆಲದಲ್ಲಿ ಚಕ್ರಗಳಿಗೆ ಅಡ್ಡೆ ಕೊಟ್ಟು, ಒತ್ತಡ ಪೂರ್ತಿ ಏರಿಸಿ, ಎಂಜಿನ್ ಆರಿಸಿ, ಕೀಲಿಯನ್ನು ಮಾತ್ರ ಚಾಲೂ ಇಟ್ಟು ಪಾರ್ಕಿಂಗ್ ಗುಂಡಿಯನ್ನು ಒಳಕ್ಕೆ ಒತ್ತುತ್ತಾರೆ. ಆಮೇಲೆ ಪೆಡಲನ್ನು ತುಳಿದು ಬಿಟ್ಟು, ತುಳಿದು ಬಿಟ್ಟು ಗಾಳಿಯನ್ನು ಬೇಕೆಂದೇ ಕಳೆಯುತ್ತಾ ಹೋಗುತ್ತಾರೆ. ಮುಳ್ಳು 60ಕ್ಕೆ ಬರುವ ಮೊದಲು ಎಚ್ಚರಿಕೆ ಹೊಡೆದುಕೊಳ್ಳಬೇಕು. 45 ಮತ್ತು 20ರ ನಡುವೆ ಗುಂಡಿ ಯಾರೂ ಮುಟ್ಟದೆ ಹೊರಕ್ಕೆ ಬರಬೇಕು. ನಂತರ ಗಾಳಿ ಮತ್ತೆ ತುಂಬಿಸಿ, ಅಡ್ಡೆ ತೆಗೆದು, ಪಾರ್ಕಿಂಗ್ ಬ್ರೇಕು ಹಿಡಿದಿರುವಾಗಲೇ ಕೆಳಗಿನ ಗೇರಿನಲ್ಲಿ ಮೆಲ್ಲನೆ ಎಳೆದು ನೋಡುತ್ತಾರೆ, ಗಾಡಿ ಕದಲಬಾರದು. ಟ್ರೇಲರ್ ಕಟ್ಟಿದ್ದರೆ ಅದಕ್ಕೆ ಗಾಳಿ ಕೊಡುವ ಕೆಂಪು ಗುಂಡಿಗೂ ಇದೇ ಪರೀಕ್ಷೆ ಬೇರೆಯಾಗಿ ನಡೆಯಬೇಕು, ಏಕೆಂದರೆ ಟ್ರೇಲರ್ ಕಳಚಿಕೊಂಡು ಕೊಳವೆ ಕಿತ್ತುಹೋದಾಗ ಅದು ತಾನೇ ಬ್ರೇಕು ಹಿಡಿಯಬೇಕು, ಮುಂದಿನ ಗಾಡಿಯ ಗಾಳಿಯೂ ಆ ಬಾಯಿಯಿಂದ ಖಾಲಿಯಾಗಬಾರದು.

ಗುಂಡಿ 20ರ ಕೆಳಗೂ ಒಳಗೇ ಕಚ್ಚಿಕೊಂಡಿದ್ದರೆ ಆ ವಾಲ್ವನ್ನು ಬದಲಿಸುವವರೆಗೆ ಲಾರಿ ಅಂಗಳದಲ್ಲೇ ಇರಲಿ, ಎಷ್ಟೇ ಹೊಳೆಯುತ್ತಿದ್ದರೂ.